ಸಬಾರ್ಡಿನೇಟ್ ಕ್ಲಾಜ್ ಯಾವ ಬಗೆಯದು? ಕನ್ನಡದಲ್ಲಿ ಹೇಳಿ ನೋಡಿ

ಶಿರಹಟ್ಟಿ ಕಡೆಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗಿ ಹೋದ ತಿಂಗಳು ತನ್ನ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ಒಂದು ಪುಟಕ್ಕೆ ಸ್ಕೇಲ್ ಇಟ್ಟು ಮೂರು ಕಾಲಂ ಎಳೆದಿದ್ದಳು. ಮೊದಲನೇ ಕಾಲಂನಲ್ಲಿ ದಟ್, ವಾಟ್, ವೆದರ್. ಎರಡನೆಯದರಲ್ಲಿ ಹೂ, ವಿಚ್, ಹೂಸ್. ಮೂರನೆಯದರಲ್ಲಿ ವೆನ್, ಇಫ್, ಬಿಕಾಸ್, ಆಲ್ದೋ. ಮೇಲೆ ಕೆಂಪು ಪೆನ್ನಿನಲ್ಲಿ ನೌನ್, ಅಡ್ಜೆಕ್ಟಿವ್, ಅಡ್ವರ್ಬ್ ಅಂತ ಬರೆದಿದ್ದಳು. ಮೇನ್ ಕ್ಲಾಜಿಗೆ, ಅಂದರೆ ಮುಖ್ಯ ವಾಕ್ಯಕ್ಕೆ, ಜೋತುಬಿದ್ದ ಒಳವಾಕ್ಯವೇ ಸಬಾರ್ಡಿನೇಟ್ ಕ್ಲಾಜ್. ಅದು ನಾಮಪದದ ಕೆಲಸ ಮಾಡಿದರೆ ನೌನ್, ವಿಶೇಷಣದ ಕೆಲಸ ಮಾಡಿದರೆ ಅಡ್ಜೆಕ್ಟಿವ್, ಕ್ರಿಯಾವಿಶೇಷಣದ ಕೆಲಸ ಮಾಡಿದರೆ ಅಡ್ವರ್ಬ್. ಪೂರ್ತಿ ಬಾಯಿಪಾಠ. ಆದರೂ ಅಭ್ಯಾಸಕ್ಕೆ ಕೊಟ್ಟ ಹತ್ತು ವಾಕ್ಯಗಳಲ್ಲಿ ಆರು ತಪ್ಪಾಗಿದ್ದವು.

ತಪ್ಪಾದವುಗಳಲ್ಲಿ ಎರಡಕ್ಕೆ ವೆನ್ ಕಾರಣ. ವೆನ್ ಇದ್ದ ವಾಕ್ಯಗಳು ಒಟ್ಟು ಮೂರು:

"ಐ ಡೋಂಟ್ ನೋ ವೆನ್ ಹಿ ವಿಲ್ ಕಮ್."
"ಕಾಲ್ ಮಿ ವೆನ್ ಹಿ ಕಮ್ಸ್."
"ಇಟ್ ರೇನ್ಡ್ ಆನ್ ದಿ ಡೇ ವೆನ್ ಹಿ ಕೇಮ್."

ಮೂರಕ್ಕೂ ಅಡ್ವರ್ಬ್ ಕ್ಲಾಜ್ ಅಂತ ಬರೆದಿದ್ದಳು. "ಸರ್, ವೆನ್ ಅಂದ್ರ ಅಡ್ವರ್ಬ್ ಅಲ್ಲೇನ್ರಿ?" ಅಂತ ಕೇಳಿದಳು. ನಾನು, "ಮೂರೂ ವಾಕ್ಯ ಕನ್ನಡದಾಗ ಹೇಳವಾ ನೋಡೂಣು" ಅಂದೆ. ಅವಳು ಒಂದು ಕ್ಷಣವೂ ತಡೆಯದೆ ಹೇಳಿದಳು: "ಅಂವಾ ಯಾವಾಗ ಬರ್ತಾನಂತ ಗೊತ್ತಿಲ್ರಿ. ಅಂವಾ ಬಂದಾಗ ಫೋನ್ ಮಾಡ್ರಿ. ಅಂವಾ ಬಂದ ದಿನಾ ಮಳಿ ಆತ್ರಿ."

ಅಷ್ಟೇ, ಉತ್ತರ ಅವಳ ಬಾಯಲ್ಲೇ ಬಂದಿತ್ತು. ಇಂಗ್ಲಿಷಿನಲ್ಲಿ ಮೂರೂ ಕಡೆ ಒಂದೇ ವೆನ್. ಕನ್ನಡದಲ್ಲಿ ಮೂರು ಬೇರೆ ಬೇರೆ ರೂಪ: "ಯಾವಾಗ ಬರ್ತಾನಂತ", "ಬಂದಾಗ", "ಬಂದ ದಿನ". ಮೊದಲನೆಯದು ನೌನ್ ಕ್ಲಾಜ್, ಎರಡನೆಯದು ಅಡ್ವರ್ಬ್ ಕ್ಲಾಜ್, ಮೂರನೆಯದು ಅಡ್ಜೆಕ್ಟಿವ್ ಕ್ಲಾಜ್. ಇಂಗ್ಲಿಷ್ ಮುಚ್ಚಿಟ್ಟಿದ್ದನ್ನು ಕನ್ನಡ ಬಿಚ್ಚಿ ತೋರಿಸುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದವರು ಇದನ್ನು ಕೊರತೆ ಅಂದುಕೊಳ್ಳುತ್ತಾರೆ, ಆದರೆ ಈ ಒಂದು ವಿಷಯದಲ್ಲಿ ನಿಮ್ಮ ಹತ್ತಿರ ಇರುವ ಕೀಲಿಕೈ ಇಂಗ್ಲಿಷ್ ಮಾತ್ರ ಬಲ್ಲವರ ಹತ್ತಿರ ಇಲ್ಲ. ಅದನ್ನು ಬಳಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕ್ರಿಯಾಪದ ಎಣಿಸಿ

ಬಗೆ ಯಾವುದು ಅಂತ ನೋಡುವ ಮೊದಲು, ಕ್ಲಾಜ್ ಇದೆಯೇ ಇಲ್ಲವೇ ಅನ್ನುವುದು ಗೊತ್ತಾಗಬೇಕು ಅಲ್ವಾ? ಕ್ಲಾಜ್ ಅಂದರೆ ಒಬ್ಬ ಕರ್ತೃ, ಅವನಿಗೆ ಒಂದು ಪೂರ್ತಿ ಕ್ರಿಯಾಪದ. ಪೂರ್ತಿ ಅಂದರೆ ಕಾಲ ತೋರಿಸುವ ಕ್ರಿಯಾಪದ. "ವೆಂಟ್", "ಗೋಸ್", "ವಿಲ್ ಗೋ" ಇವು ಪೂರ್ತಿ. "ಟು ಗೋ" ಪೂರ್ತಿ ಅಲ್ಲ, ಒಂಟಿಯಾಗಿ ನಿಂತ "ಗೋಯಿಂಗ್" ಕೂಡ ಅಲ್ಲ.

"ಶಿ ವೆಂಟ್ ಟು ಬ್ಯಾಡಗಿ ಟು ಬೈ ಚಿಲ್ಲೀಸ್." ಇಲ್ಲಿ ಪೂರ್ತಿ ಕ್ರಿಯಾಪದ ಒಂದೇ, "ವೆಂಟ್". ಹಾಗಾಗಿ ಸಬಾರ್ಡಿನೇಟ್ ಕ್ಲಾಜ್ ಇಲ್ಲ. "ಶಿ ವೆಂಟ್ ಟು ಬ್ಯಾಡಗಿ ಬಿಕಾಸ್ ಶಿ ನೀಡೆಡ್ ಚಿಲ್ಲೀಸ್." ಇಲ್ಲಿ "ವೆಂಟ್", "ನೀಡೆಡ್" ಎರಡಿವೆ. ಕ್ಲಾಜೂ ಎರಡು.

ನಮ್ಮವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಎಷ್ಟೇ ಕೆಲಸ ಹೇಳಿದರೂ ಸಾಮಾನ್ಯವಾಗಿ ಕೊನೆಯ ಕ್ರಿಯಾಪದ ಒಂದೇ ಪೂರ್ತಿ ಇರುತ್ತದೆ. "ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತಂದು, ಅಂಗಳದಲ್ಲಿ ಒಣಗಿಸಿ, ಗಿರಣಿಗೆ ಕೊಟ್ಟಳು." ಹೋಗಿ, ತಂದು, ಒಣಗಿಸಿ ಎಲ್ಲ ಅರ್ಧ, "ಕೊಟ್ಟಳು" ಮಾತ್ರ ಪೂರ್ತಿ. ಅದಕ್ಕೇ ಕ್ರಿಯಾಪದ ಎಣಿಸುವ ಅಭ್ಯಾಸ ನಮಗಿಲ್ಲ. ಆದರೆ ಇದರಿಂದ ಒಂದು ಲಾಭವೂ ಇದೆ. ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಹೇಳಿದಾಗ ಯಾವ ಕ್ರಿಯಾಪದ ಕಟ್ಟಕಡೆಗೆ ಬಂದು ಕೂರುತ್ತದೋ, ಬಹುತೇಕ ಅದೇ ಮೇನ್ ಕ್ಲಾಜಿನ ಕ್ರಿಯಾಪದ. ಬ್ಯಾಡಗಿ ವಾಕ್ಯವನ್ನೇ ನೋಡಿ: "ಮೆಣಸಿನಕಾಯಿ ಬೇಕಿದ್ದರಿಂದ ಬ್ಯಾಡಗಿಗೆ ಹೋದಳು." ಕೊನೆಗೆ "ಹೋದಳು". ಮೇನ್ ಕ್ಲಾಜ್ "ಶಿ ವೆಂಟ್".

ಇಂಗ್ಲಿಷಿನಲ್ಲಿ ಸಬಾರ್ಡಿನೇಟ್ ಕ್ಲಾಜಿನ ಗುರುತು ತಲೆಯಲ್ಲಿರುತ್ತದೆ: ದಟ್, ಹೂ, ವೆನ್, ಇಫ್, ಬಿಕಾಸ್. ಕನ್ನಡದಲ್ಲಿ ಗುರುತು ಬಾಲದಲ್ಲಿರುತ್ತದೆ: ಅಂತ, ಆಗ, ರೆ, ರೂ, ಇಂದ. ತಲೆ ಹಿಡಿದು ಶುರು ಮಾಡಿ, ಬಾಲ ನೋಡಿ ಬಗೆ ಹೇಳಿ. "ಆ್ಯಂಡ್", "ಬಟ್", "ಸೋ" ಇವು ಸಮಾನರನ್ನು ಜೋಡಿಸುವ ಪದಗಳು, ಇವನ್ನು ಸಬಾರ್ಡಿನೇಟ್ ಅಂತ ಗುರುತು ಹಾಕಬೇಡಿ.

ಕ್ಲಾಜ್ ಎಲ್ಲಿಗೆ ಮುಗಿಯುತ್ತದೆ ಅನ್ನುವುದೂ ಮುಖ್ಯ, ಅದರಲ್ಲೂ ಅದು ನಡುವೆ ಸಿಕ್ಕಿಕೊಂಡಿದ್ದಾಗ. "ದಿ ಬಾಯ್ ಹೂ ಸೋಲ್ಡ್ ಮಿ ದಿ ಗಾರ್ಲಂಡ್ ಕೇಮ್ ಫ್ರಮ್ ಹಾವೇರಿ." "ಹೂ" ಆದಮೇಲೆ ಬಂದ ಮೊದಲ ಕ್ರಿಯಾಪದ "ಸೋಲ್ಡ್" ಆ ಕ್ಲಾಜಿನದು. ಜೋಡಿಸುವ ಇನ್ನೊಂದು ಪದ ಇಲ್ಲದೆ ಎರಡನೇ ಕ್ರಿಯಾಪದ "ಕೇಮ್" ಬಂತು ಅಂದರೆ ಒಳಗಿನ ಕ್ಲಾಜ್ ಅದಕ್ಕಿಂತ ಮುಂಚೆಯೇ ಮುಗಿದಿದೆ. ಪೆನ್ಸಿಲ್ ತೆಗೆದುಕೊಂಡು ಅಲ್ಲೊಂದು ಗೆರೆ ಎಳೆಯಿರಿ. ಪರೀಕ್ಷೆ ಹಾಲ್‌ನಲ್ಲೂ ಎಳೆಯಿರಿ, ನಾಚಿಕೆ ಬೇಡ.

ನೌನ್ ಕ್ಲಾಜ್: "ಏನು?" ಅಂತ ಕೇಳಿ

ಕನ್ನಡದಲ್ಲಿ "ಅಂತ", "ಅನ್ನೋದು", ಇಲ್ಲವೇ "ಮಾಡಿದ್ದು, ಹೇಳಿದ್ದು" ಅಂತ ಬಂದರೆ ನೌನ್ ಕ್ಲಾಜ್. "ಏನು?" ಅನ್ನುವ ಪ್ರಶ್ನೆಗೆ ಅದು ಉತ್ತರ ಆಗಿರುತ್ತದೆ. "ಐ ನೋ ದಟ್ ದಿ ಶಾಪ್ ಈಸ್ ಕ್ಲೋಸ್ಡ್." ಏನು ಗೊತ್ತು? ಅಂಗಡಿ ಮುಚ್ಚಿದೆ ಅಂತ. "ವಾಟ್ ಶಿ ಸೇಯ್ಡ್ ಈಸ್ ಟ್ರೂ." ಏನು ನಿಜ? ಅವಳು ಹೇಳಿದ್ದು. "ಮಾಡಿದ್ದುಣ್ಣೋ ಮಹಾರಾಯ" ಅಂತೀವಲ್ಲ, ಅಲ್ಲಿನ "ಮಾಡಿದ್ದು" ಇಂಗ್ಲಿಷಿಗೆ ಹೋದರೆ "ವಾಟ್ ಯು ಡಿಡ್" ಆಗುತ್ತದೆ. ಇಡೀ ಕ್ಲಾಜ್ ಒಂದು ನಾಮಪದದ ಜಾಗದಲ್ಲಿ ಕೂತಿದೆ. ಅನುಮಾನ ಬಂದರೆ ಆ ಕ್ಲಾಜ್ ತೆಗೆದು "ಇಟ್" ಇಟ್ಟು ನೋಡಿ: "ಐ ನೋ ಇಟ್." "ಇಟ್ ಈಸ್ ಟ್ರೂ." ಕೂತರೆ ನೌನ್ ಕ್ಲಾಜ್.

ಗುರುತಿಸುವುದು ಸುಲಭ. ಬರೆಯುವಾಗ ಎರಡು ಕಡೆ ತಪ್ಪಾಗುತ್ತದೆ.

ಒಂದು, ಪ್ರಶ್ನೆ ಒಳಗೆ ಹೋದಾಗ. "ಗದಗ ಬಸ್ ಎಲ್ಲಿ ನಿಲ್ಲುತ್ತೆ ಅಂತ ಹೇಳ್ತೀರಾ?" ಇದನ್ನು "ಕ್ಯಾನ್ ಯು ಟೆಲ್ ಮಿ ವೇರ್ ಡಸ್ ದಿ ಗದಗ ಬಸ್ ಸ್ಟಾಪ್?" ಅಂತ ಬರೆಯುತ್ತಾರೆ. "ಡಸ್" ಬೇಡ. "ವೇರ್ ದಿ ಗದಗ ಬಸ್ ಸ್ಟಾಪ್ಸ್" ಸಾಕು. ಪ್ರಶ್ನೆ ಈಗಾಗಲೇ "ಕ್ಯಾನ್ ಯು" ಅನ್ನುವಲ್ಲಿ ಕೇಳಿ ಆಗಿದೆ, ಒಳಗಿನದು ಸಾದಾ ವಾಕ್ಯದ ಹಾಗೆ ಸಾಗಬೇಕು: ಮೊದಲು ಕರ್ತೃ, ಆಮೇಲೆ ಕ್ರಿಯಾಪದ. "ವಾಟ್ ಈಸ್ ಯುವರ್ ನೇಮ್" ಕೂಡ ಒಳಗೆ ಹೋದರೆ "ಟೆಲ್ ಮಿ ವಾಟ್ ಯುವರ್ ನೇಮ್ ಈಸ್" ಆಗುತ್ತದೆ.

ಎರಡನೆಯದು ನಮ್ಮ "ಅಂತ" ತಂದಿಡುವ ತೊಂದರೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ನಾಳೆ ಬರ್ತೇನಂತ ಅಪ್ಪ ಹೇಳ್ಯಾರ" ಅನ್ನುತ್ತೇವೆ. ಬರುವವರು ಯಾರು? ಅಪ್ಪ. ಆದರೆ "ಬರ್ತೇನೆ" ಅನ್ನುವುದು "ನಾನು" ರೂಪದಲ್ಲಿದೆ. ಕನ್ನಡದ "ಅಂತ" ಹೇಳಿದವರ ಮಾತನ್ನು ಹೇಳಿದ ಹಾಗೆಯೇ ಎತ್ತಿ ತರುತ್ತದೆ. ಇಂಗ್ಲಿಷಿನ ದಟ್ ಹಾಗೆ ತರುವುದಿಲ್ಲ, ಈಗ ಯಾರು ಮಾತಾಡುತ್ತಿದ್ದಾರೋ ಅವರ ಕಡೆಯಿಂದ ತಿರುಗಿಸಿ ಹೇಳುತ್ತದೆ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗ ಕೆಲಸಕ್ಕೆ ಅರ್ಜಿ ಹಾಕಿದ ಆಫೀಸಿಗೆ ಮೆಸೇಜ್ ಕಳಿಸಿದ್ದ: "ಮೈ ಫಾದರ್ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ." ಕಾಗದಪತ್ರ ತೆಗೆದುಕೊಂಡು ಹೋಗಬೇಕಿದ್ದವರು ಅವನ ಅಪ್ಪ. ಅಲ್ಲಿನವರು ಹುಡುಗನೇ ಬರುತ್ತಾನೆ ಅಂತ ತಿಳಿದು ಅವನಿಗೆ ಕಾದರು. "ಮೈ ಫಾದರ್ ಸೇಯ್ಡ್ ದಟ್ ಹಿ ವುಡ್ ಕಮ್ ದಿ ನೆಕ್ಸ್ಟ್ ಡೇ" ಅಂತ ಇರಬೇಕಿತ್ತು. ನಾಳೆ ಅನ್ನುವ ದಿನ ಇನ್ನೂ ಬಂದಿಲ್ಲ ಅಂದರೆ "ಹಿ ವಿಲ್ ಕಮ್ ಟುಮಾರೋ" ಅಂದರೂ ಸರಿ, ಆದರೆ "ಐ" ಮಾತ್ರ ಯಾವ ಕಾರಣಕ್ಕೂ ಬರಬಾರದು. ಜೊತೆಗೆ ಇನ್ನೊಂದು ಮಾತು: "ಟೋಲ್ಡ್" ಬಂದರೆ ಯಾರಿಗೆ ಅಂತ ಹೇಳಲೇಬೇಕು, "ಟೋಲ್ಡ್ ಮಿ ದಟ್". ಯಾರಿಗೆ ಅಂತ ಹೇಳುವುದು ಬೇಡವಾದರೆ "ಸೇಯ್ಡ್ ದಟ್".

ಅಡ್ಜೆಕ್ಟಿವ್ ಕ್ಲಾಜ್: "ಯಾವ?" ಅಂತ ಕೇಳಿ

"ಆಡಿದ ಮಾತು, ಒಡೆದ ಮುತ್ತು." "ತುಂಬಿದ ಕೊಡ ತುಳುಕುವುದಿಲ್ಲ." ಯಾವ ಮಾತು? ಆಡಿದ ಮಾತು. ಯಾವ ಕೊಡ? ತುಂಬಿದ ಕೊಡ. ನಮ್ಮ ಗಾದೆಗಳಲ್ಲಿ ತುಂಬಿರುವುದೇ ಇದು. ಕ್ರಿಯಾಪದಕ್ಕೆ "ಇದ", "ಉವ" ಹಚ್ಚಿ ನಾಮಪದದ ಮುಂದೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಇದು ತಲೆಕೆಳಗಾಗುತ್ತದೆ: ನಾಮಪದ ಮೊದಲು, ಆಮೇಲೆ ಹೂ ಅಥವಾ ವಿಚ್ ಅಥವಾ ದಟ್, ಆಮೇಲೆ ಉಳಿದದ್ದು. "ಎ ಪಾಟ್ ದಟ್ ಈಸ್ ಫುಲ್ ಡಸ್ ನಾಟ್ ಸ್ಪಿಲ್."

"ನಿನ್ನೆ ಹಾವೇರಿಯಿಂದ ಬಂದ ಹುಡುಗಿ" ಅನ್ನುವುದನ್ನು ತಿರುಗಿಸಿ. ಕೊನೆಯ ನಾಮಪದ ಎತ್ತಿ ಮೊದಲಿಗೆ ತನ್ನಿ: "ದಿ ಗರ್ಲ್". ಮನುಷ್ಯರಾದ್ದರಿಂದ "ಹೂ". ಆಮೇಲೆ "ಕೇಮ್ ಫ್ರಮ್ ಹಾವೇರಿ ಯೆಸ್ಟರ್ಡೇ". ಮುಗಿಯಿತು.

ಆದರೆ ನಿಜವಾದ ತೊಡಕು ಇಲ್ಲಿಲ್ಲ. ಈ ನಾಲ್ಕನ್ನು ನೋಡಿ: ನಾನು ಹತ್ತಿದ ಬಸ್. ನಾನು ಬಂದ ಬಸ್. ನಾನು ಕೂತ ಕುರ್ಚಿ. ನಾನು ಬರೆದ ಪೆನ್. ಕನ್ನಡ ನಾಲ್ಕನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ. ಬಸ್ಸಿ"ನಲ್ಲಿ" ಬಂದೆ, ಕುರ್ಚಿ"ಯ ಮೇಲೆ" ಕೂತೆ, ಪೆನ್ನಿ"ನಿಂದ" ಬರೆದೆ ಅನ್ನುವ ವಿಭಕ್ತಿ ಎಲ್ಲ ಕರಗಿ ಹೋಗುತ್ತದೆ. ಕೇಳುವವರಿಗೆ ಅರ್ಥ ಆಗುತ್ತದೆ, ಹಾಗಾಗಿ ನಮಗೆ ಅದರ ಕೊರತೆ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಕರಗಿಸುವ ಹಾಗಿಲ್ಲ. "ದಿ ಬಸ್ ವಿಚ್ ಐ ಕೇಮ್" ತಪ್ಪು, "ದಿ ಬಸ್ ವಿಚ್ ಐ ಕೇಮ್ ಇನ್" ಸರಿ. "ದಿ ಚೇರ್ ಐ ಸ್ಯಾಟ್ ಆನ್." "ದಿ ಪೆನ್ ಐ ರೋಟ್ ವಿತ್." "ಹತ್ತಿದ ಬಸ್ಸಿಗೆ" ಮಾತ್ರ ಏನೂ ಬೇಡ: "ದಿ ಬಸ್ ಐ ಬೋರ್ಡೆಡ್."

ಪರೀಕ್ಷಿಸುವ ದಾರಿ ಇದು: ನಾಮಪದವನ್ನು ವಾಪಸ್ ಕ್ಲಾಜಿನೊಳಗೆ ಹಾಕಿ ಪೂರ್ತಿ ವಾಕ್ಯ ಮಾಡಿ. "ಐ ರೋಟ್ ವಿತ್ ದಿ ಪೆನ್." ಈಗ ಪೆನ್ನನ್ನು ಮಾತ್ರ ಎತ್ತಿ ಹೊರಗೆ ತನ್ನಿ, "ವಿತ್" ಅಲ್ಲೇ ಉಳಿಯಲಿ. ಎತ್ತಿದ ಜಾಗ ಖಾಲಿ ಇರಬೇಕು, ಅಲ್ಲಿ ಮತ್ತೆ "ಇಟ್" ತುಂಬಬೇಡಿ. "ದಿ ಪೇಢಾ ವಿಚ್ ಐ ಬಾಟ್ ಇಟ್ ಇನ್ ಲೈನ್ ಬಜಾರ್" ಅಂತ ಬರೆದರೆ ಪೇಢಾ ಎರಡು ಸಲ ಬಂದ ಹಾಗೆ. "ದಿ ಪೇಢಾ ವಿಚ್ ಐ ಬಾಟ್ ಇನ್ ಲೈನ್ ಬಜಾರ್" ಸಾಕು. ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪು ಹುಡುಕಿ ಅಂತ ಕೊಡುವ ವಾಕ್ಯಗಳನ್ನು ಮಾಡುವಾಗ ಈ ಎರಡರ ಮೇಲೆ ಕಣ್ಣಿಡಿ.

"ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ" ಅಂತಲೂ ಹೇಳುತ್ತೇವಲ್ಲ. ಅದನ್ನು ನೇರ ಎತ್ತಿ "ಹೂ ಸ್ಟಡೀಸ್, ದೇ ವಿಲ್ ಪಾಸ್" ಅಂತ ಬರೆಯಬೇಡಿ. ಮೊದಲು ಓದುವವರು ಅಂತ ಮಾಡಿಕೊಳ್ಳಿ, ಆಮೇಲೆ "ದೋಸ್ ಹೂ ಸ್ಟಡಿ ವಿಲ್ ಪಾಸ್."

ತಲೆಯಲ್ಲಿ ಲಿಂಕ್ ಪದ ಇಲ್ಲದ ಕ್ಲಾಜ್ ಕೂಡ ಉಂಟು. "ದಿ ಪೇಢಾ ಐ ಬಾಟ್ ವಾಸ್ ಫ್ರೆಶ್." ಒಂದು ನಾಮಪದದ ಬೆನ್ನಿಗೇ ಕಾಮಾ ಇಲ್ಲದೆ ಇನ್ನೊಂದು ಕರ್ತೃ ಬಂದು ನಿಂತಿದ್ದರೆ, ನಡುವೆ ದಟ್ ಅಡಗಿದೆ ಅಂತ ತಿಳಿಯಿರಿ. ಆದರೆ ಲಿಂಕ್ ಪದವೇ ಕರ್ತೃ ಆಗಿದ್ದರೆ ಅದನ್ನು ಬಿಡುವ ಹಾಗಿಲ್ಲ. "ದಿ ಮ್ಯಾನ್ ಕೇಮ್ ಯೆಸ್ಟರ್ಡೇ ಈಸ್ ಮೈ ಅಂಕಲ್" ಅನ್ನುವುದು ತಪ್ಪು, "ಹೂ ಕೇಮ್" ಬೇಕೇ ಬೇಕು.

ಇನ್ನು ಕಾಮಾ. ಇದು ಸಣ್ಣದಲ್ಲ. "ಗದಗದಲ್ಲಿರುವ ನನ್ನ ಅಣ್ಣ ನಾಳೆ ಬರುತ್ತಾನೆ." ಕನ್ನಡದ ಈ ವಾಕ್ಯ ನೋಡಿ ನನಗೆ ಎಷ್ಟು ಜನ ಅಣ್ಣಂದಿರು ಅಂತ ಹೇಳಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಕಾಮಾ ಅದನ್ನೇ ಹೇಳುತ್ತದೆ. "ಮೈ ಬ್ರದರ್ ಹೂ ಲಿವ್ಸ್ ಇನ್ ಗದಗ ಈಸ್ ಕಮಿಂಗ್ ಟುಮಾರೋ": ಕಾಮಾ ಇಲ್ಲ, ಅಂದರೆ ಬೇರೆ ಕಡೆ ಇನ್ನೂ ಅಣ್ಣಂದಿರು ಇದ್ದಾರೆ, ಗದಗದವನು ಬರುತ್ತಾನೆ. "ಮೈ ಬ್ರದರ್, ಹೂ ಲಿವ್ಸ್ ಇನ್ ಗದಗ, ಈಸ್ ಕಮಿಂಗ್ ಟುಮಾರೋ": ಎರಡು ಕಾಮಾ, ಅಣ್ಣ ಒಬ್ಬನೇ, ಗದಗ ಅನ್ನುವುದು ಸುಮ್ನೆ ಹೆಚ್ಚಿನ ಮಾಹಿತಿ. ಈ ಕಾಮಾ ಹಾಕಬೇಕೇ ಬೇಡವೇ ಅಂತ ಗೊತ್ತಾಗದಿದ್ದರೆ ಹೀಗೆ ಕೇಳಿಕೊಳ್ಳಿ: ಈ ಕ್ಲಾಜ್ ತೆಗೆದರೆ ಯಾರು ಅಂತ ಗೊತ್ತಾಗುತ್ತದೆಯೇ? ಹೆಸರು ಹೇಳಿದ ಮೇಲೆ ಗೊತ್ತಾಗಿಯೇ ಆಗುತ್ತದೆ, ಹಾಗಾಗಿ ಹೆಸರಿನ ನಂತರ ಸಾಮಾನ್ಯವಾಗಿ ಕಾಮಾ. "ಬೇಂದ್ರೆ, ಹೂ ಲಿವ್ಡ್ ಇನ್ ಸಾಧನಕೇರಿ, ವನ್ ದಿ ಜ್ಞಾನಪೀಠ ಅವಾರ್ಡ್ ಫಾರ್ 1973." "ಕಿಟೆಲ್, ಹೂ ಕೇಮ್ ಫ್ರಮ್ ಜರ್ಮನಿ, ಪಬ್ಲಿಶ್ಡ್ ಹಿಸ್ ಕನ್ನಡ ಡಿಕ್ಷನರಿ ಇನ್ 1894." "ಹಾವೇರಿ, ವಿಚ್ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997, ಈಸ್ ನೋನ್ ಫಾರ್ ಇಟ್ಸ್ ಕಾರ್ಡಮಮ್ ಗಾರ್ಲಂಡ್ಸ್." ಹೀಗೆ ಕಾಮಾ ಹಾಕಿದ ಕ್ಲಾಜಿನಲ್ಲಿ ದಟ್ ಬರುವುದಿಲ್ಲ, ಹೂ, ವಿಚ್ ಇಂಥವು ಮಾತ್ರ. ಲಿಂಕ್ ಪದವನ್ನು ಬಿಡುವ ಹಾಗೂ ಇಲ್ಲ.

ಅಡ್ವರ್ಬ್ ಕ್ಲಾಜ್: ಯಾವಾಗ, ಯಾಕೆ, ಹೇಗೆ, ಎಷ್ಟು

ಇದರಲ್ಲಿ ಒಳಬಗೆಗಳು ಜಾಸ್ತಿ. ಅದಕ್ಕೇ ಎಲ್ಲರೂ ಹೆದರುತ್ತಾರೆ. ಹೆದರಬೇಡಿ, ಒಂದೊಂದು ಬಗೆಗೂ ನಿಮಗೆ ಒಂದೊಂದು ಗಾದೆ ಗೊತ್ತಿದೆ.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು." ಬಾಲದಲ್ಲಿ "ಆಗ", ಇದು ಕಾಲ, ಇಂಗ್ಲಿಷಿನಲ್ಲಿ ವೆನ್. "ಕೈ ಕೆಸರಾದರೆ ಬಾಯಿ ಮೊಸರು." ಬಾಲದಲ್ಲಿ "ರೆ", ಇದು ಷರತ್ತು, ಇಂಗ್ಲಿಷಿನಲ್ಲಿ ಇಫ್. "ದೇವರು ವರ ಕೊಟ್ಟರೂ ಪೂಜಾರಿ ಕೊಡ." ಬಾಲದಲ್ಲಿ "ರೂ", ಇಂಗ್ಲಿಷಿನಲ್ಲಿ ಆಲ್ದೋ ಅಥವಾ ಈವನ್ ಇಫ್, ಇದಕ್ಕೆ ಕನ್ಸೆಷನ್ ಅನ್ನುತ್ತಾರೆ. "ಹಾಸಿಗೆ ಇದ್ದಷ್ಟು ಕಾಲು ಚಾಚು." ಬಾಲದಲ್ಲಿ "ಅಷ್ಟು", ಇದು ಅಳತೆ, ಇಂಗ್ಲಿಷಿನಲ್ಲಿ ಆ್ಯಸ್ ಫಾರ್ ಆ್ಯಸ್. ಗಾದೆಯ ಬಾಲ ನೆನಪಿದ್ದರೆ ಬಗೆ ನೆನಪಿರುತ್ತದೆ. ಉಳಿದವು ಹೀಗೆ: "ಬೇಕಿದ್ದರಿಂದ" ಅಂದರೆ ಕಾರಣ, ಬಿಕಾಸ್. "ಹೇಳಿದ ಹಾಗೆ" ಅಂದರೆ ರೀತಿ, ಆ್ಯಸ್. "ನಾ ಬರೂತನಾ ಇಲ್ಲೇ ನಿಂದರು" ಅಂದರೆ ಅನ್‌ಟಿಲ್. "ಎಷ್ಟು ಬಿಸಿಲಿತ್ತು ಅಂದರೆ ಡಾಂಬರು ಕರಗಿತ್ತು" ಅಂದರೆ ಫಲ, ಸೋ ಆಮೇಲೆ ದಟ್.

"ಬಂದ ಮೇಲೆ", "ಹೇಳಿದ ಹಾಗೆ" ಇವು "ಬಂದ ಹುಡುಗಿ" ತರಹವೇ ಕಾಣುತ್ತವೆ. ಆದರೆ ಹುಡುಗಿ ಒಬ್ಬ ವ್ಯಕ್ತಿ, ಬಸ್ ಒಂದು ವಸ್ತು, ದಿನ ಎಣಿಸಲು ಬರುತ್ತದೆ. ಮೇಲೆ, ಮುಂಚೆ, ಹಾಗೆ, ಕೂಡಲೇ ಇವು ವ್ಯಕ್ತಿಯೂ ಅಲ್ಲ, ವಸ್ತುವೂ ಅಲ್ಲ. ಇವು ಬಂದರೆ ಅಡ್ವರ್ಬ್.

ಬರೆಯುವಾಗಿನ ತಪ್ಪುಗಳಿಗೆ ಬರೋಣ. "ಇಫ್ ಹಿ ವಿಲ್ ಕಮ್ ಟುಮಾರೋ, ಐ ವಿಲ್ ಟೆಲ್ ಹಿಮ್." ಈ ತಪ್ಪನ್ನು ಕನ್ನಡದ ಮೇಲೆ ಹಾಕುತ್ತಾರೆ, ಅದು ಸರಿಯಲ್ಲ. "ನಾಳೆ ಬಂದರೆ ಹೇಳುತ್ತೇನೆ" ಅನ್ನುತ್ತೇವೆ. "ಬಂದರೆ" ಅನ್ನುವುದರೊಳಗೆ ಕೂತಿರುವುದು "ಬಂದ", ಭವಿಷ್ಯತ್ ಅಲ್ಲವೇ ಅಲ್ಲ. ನಾಳೆಯ ಮಾತಾದರೂ ಕನ್ನಡ ಅಲ್ಲಿ ಭವಿಷ್ಯತ್ ಹಾಕುವುದಿಲ್ಲ, ಇಂಗ್ಲಿಷೂ ಹಾಕುವುದಿಲ್ಲ. ಕಾಲ ಅಥವಾ ಷರತ್ತು ಹೇಳುವ ಕ್ಲಾಜಿನಲ್ಲಿ ಮುಂದಿನ ಮಾತಿಗೂ ವರ್ತಮಾನ: "ಇಫ್ ಹಿ ಕಮ್ಸ್ ಟುಮಾರೋ." ಆದರೆ ಮೊದಲು ಹೇಳಿದ "ಐ ಡೋಂಟ್ ನೋ ವೆನ್ ಹಿ ವಿಲ್ ಕಮ್" ಅನ್ನುವಲ್ಲಿ ವಿಲ್ ಸರಿ, ಯಾಕೆಂದರೆ ಅದು ನೌನ್ ಕ್ಲಾಜ್, ಕನ್ನಡದಲ್ಲೂ ಅಲ್ಲಿ "ಬರ್ತಾನೆ" ಅಂತಲೇ ಇದೆ. ಬಗೆ ಗುರುತಿಸುವುದು ಬರೀ ಅಂಕಕ್ಕಲ್ಲ, ವಿಲ್ ಹಾಕಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿದೆ.

"ಆಲ್ದೋ ಇಟ್ ರೇನ್ಡ್, ಬಟ್ ಹಿ ಕೇಮ್" ಕೂಡ ತಪ್ಪು. "ಮಳೆ ಬಂದರೂ ಆದರೆ ಅವನು ಬಂದ" ಅಂತ ಯಾರಾದರೂ ಹೇಳುತ್ತಾರಾ? "ರೂ" ಒಂದೇ ಸಾಕು. ಹಾಗೇ ಆಲ್ದೋ ಇದ್ದರೆ ಬಟ್ ಬೇಡ, ಬಿಕಾಸ್ ಇದ್ದರೆ ಸೋ ಬೇಡ. ಅನ್‌ಲೆಸ್ ಅಂದರೆ "ಓದದಿದ್ದರೆ", ಇಲ್ಲ ಅನ್ನುವುದು ಒಳಗೇ ಇದೆ, ಅದಕ್ಕೆ ಮತ್ತೆ "ನಾಟ್" ಸೇರಿಸಬೇಡಿ. ಅಡ್ವರ್ಬ್ ಕ್ಲಾಜ್ ಮೊದಲು ಬಂದರೆ ಕಾಮಾ, ಕೊನೆಗೆ ಬಂದರೆ ಹೆಚ್ಚಾಗಿ ಬೇಡ.

ಬಾಲ ನೋಡಿದರೂ ಮೋಸ ಹೋಗುವ ಜಾಗ

"ಅಂತ" ಎಂದ ಕೂಡಲೇ ನೌನ್ ಅಂತ ಬರೆದುಬಿಡಬೇಡಿ. "ಮಗ ಪಾಸಾಗಲಿ ಅಂತ ಅವ್ವ ಸಿದ್ಧಾರೂಢ ಮಠಕ್ಕೆ ಹೋದಳು." ಏನು ಹೋದಳು ಅಂತ ಕೇಳಲು ಬರುವುದಿಲ್ಲ, ಯಾಕೆ ಹೋದಳು ಅಂತ ಕೇಳಬೇಕು. ಯಾಕೆ ಅನ್ನುವುದಕ್ಕೆ ಉತ್ತರವಾದ "ಅಂತ" ಅಡ್ವರ್ಬ್, ಇಂಗ್ಲಿಷಿನಲ್ಲಿ "ಸೋ ದಟ್". "ಮಳೆ ಬರ್ತಿದೆ ಅಂತ ಮನೆಯಲ್ಲೇ ಕೂತೆ" ಅನ್ನುವುದೂ ಹಾಗೇ, ಅದು ಬಿಕಾಸ್. ಬಾಲದ ಜೊತೆ ಪ್ರಶ್ನೆಯನ್ನೂ ಕೇಳಿ, ಆಗ ತಪ್ಪುವುದಿಲ್ಲ.

ಇಫ್ ಕೂಡ ಎರಡು ಕಡೆ ಕೂರುತ್ತದೆ. "ಆಸ್ಕ್ ಹಿಮ್ ಇಫ್ ದಿ ಬಸ್ ಹ್ಯಾಸ್ ಗಾನ್": ಬಸ್ ಹೋಯಿತಾ ಅಂತ ಕೇಳು, ನೌನ್. "ಇಫ್ ದಿ ಬಸ್ ಹ್ಯಾಸ್ ಗಾನ್, ಕಮ್ ಬೈ ಟ್ರೇನ್": ಹೋಗಿದ್ದರೆ, ಅಡ್ವರ್ಬ್. ಇಫ್ ತೆಗೆದು ವೆದರ್ ಇಟ್ಟಾಗ ಅರ್ಥ ಬದಲಾಗದಿದ್ದರೆ ಅದು ನೌನ್.

ಎಲ್ಲಕ್ಕಿಂತ ಕಷ್ಟದ್ದು ದಟ್. "ದಿ ನ್ಯೂಸ್ ದಟ್ ಹಿ ಬ್ರಾಟ್ ಮೇಡ್ ಅಸ್ ಹ್ಯಾಪಿ." "ದಿ ನ್ಯೂಸ್ ದಟ್ ಹಿ ವನ್ ಮೇಡ್ ಅಸ್ ಹ್ಯಾಪಿ." ಎರಡೂ ಕಡೆ ನ್ಯೂಸ್, ಎರಡೂ ಕಡೆ ದಟ್. ಕನ್ನಡದಲ್ಲಿ ಹೇಳಿ: "ಅವನು ತಂದ ಸುದ್ದಿ", "ಅವನು ಗೆದ್ದ ಸುದ್ದಿ". ಇಲ್ಲೂ ಒಂದೇ ತರಹ ಕಾಣುತ್ತವೆ. ಈಗ ನಡುವೆ "ಅನ್ನೋ" ಹಾಕಿ. "ಅವನು ಗೆದ್ದ ಅನ್ನೋ ಸುದ್ದಿ" ಸರಿಯಾಗಿ ಕೂತಿತು, ಸುದ್ದಿ ಏನು ಅಂತಲೇ ಅದು ಹೇಳುತ್ತಿದೆ, ಅದು ನೌನ್ ಕ್ಲಾಜ್. "ಅವನು ತಂದ ಅನ್ನೋ ಸುದ್ದಿ" ಅಂದರೆ ಅರ್ಥವೇ ಬೇರೆ ಆಗಿಬಿಟ್ಟಿತು, ಹಾಗಾಗಿ ಅದು ಅಡ್ಜೆಕ್ಟಿವ್. ಇಂಗ್ಲಿಷ್ ಕಡೆಯಿಂದಲೂ ಖಚಿತ ಮಾಡಿಕೊಳ್ಳಬಹುದು: "ಹಿ ಬ್ರಾಟ್" ಇರುವಲ್ಲಿ ದಟ್ ಬದಲು ವಿಚ್ ಹಾಕಬಹುದು, "ಹಿ ವನ್" ಇರುವಲ್ಲಿ ಬರುವುದಿಲ್ಲ. ಈ "ಅನ್ನೋ" ಪರೀಕ್ಷೆ ಕಲಿತ ಮೇಲೆ ಆ ಶಿರಹಟ್ಟಿಯ ಹುಡುಗಿ ಫ್ಯಾಕ್ಟ್, ರೂಮರ್, ಹೋಪ್, ಬಿಲೀಫ್ ಅನ್ನುವ ಪದಗಳನ್ನೆಲ್ಲ ಹುಡುಕಿ ತಂದು ಒಂದೊಂದಕ್ಕೂ ಹಾಕಿ ನೋಡಿದಳು. ಅನ್ನೋ ಗಾಳಿಸುದ್ದಿ, ಅನ್ನೋ ನಂಬಿಕೆ, ಎಲ್ಲದಕ್ಕೂ ಕೂತಿತು.

ಈಗ ಒಂದು ಉದ್ದ ವಾಕ್ಯ ಬಿಡಿಸೋಣ

"ವೆನ್ ಐ ರೀಚ್ಡ್ ಹುಬ್ಬಳ್ಳಿ, ಐ ಡಿಡ್ ನಾಟ್ ನೋ ವೇರ್ ದಿ ಗದಗ ಬಸ್ ಸ್ಟಾಪ್ಡ್, ಸೋ ಐ ಆಸ್ಕ್ಡ್ ಎ ವುಮನ್ ಹೂ ವಾಸ್ ಸೆಲ್ಲಿಂಗ್ ಫ್ಲವರ್ಸ್, ಆ್ಯಂಡ್ ಶಿ ಸೇಯ್ಡ್ ದಟ್ ಐ ಹ್ಯಾಡ್ ಕಮ್ ಟು ದಿ ರಾಂಗ್ ಸ್ಟ್ಯಾಂಡ್."

ಕ್ರಿಯಾಪದ ಎಣಿಸಿ. ರೀಚ್ಡ್, ಡಿಡ್ ನಾಟ್ ನೋ, ಸ್ಟಾಪ್ಡ್, ಆಸ್ಕ್ಡ್, ವಾಸ್ ಸೆಲ್ಲಿಂಗ್, ಸೇಯ್ಡ್, ಹ್ಯಾಡ್ ಕಮ್. ಏಳು ಕ್ರಿಯಾಪದ, ಏಳು ಕ್ಲಾಜ್. ಸೋ ಮತ್ತು ಆ್ಯಂಡ್ ಜೋಡಿಸಿದವು ಮೂರು ಮೇನ್ ಕ್ಲಾಜ್: ಗೊತ್ತಿರಲಿಲ್ಲ, ಕೇಳಿದೆ, ಹೇಳಿದಳು. ಉಳಿದ ನಾಲ್ಕು ಸಬಾರ್ಡಿನೇಟ್. ಕನ್ನಡದಲ್ಲಿ ಹೇಳಿ: ಹುಬ್ಬಳ್ಳಿ ಮುಟ್ಟಿದಾಗ ಗದಗ ಬಸ್ ಎಲ್ಲಿ ನಿಲ್ಲುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಅದಕ್ಕೆ ಹೂವು ಮಾರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ, ನೀವು ಬ್ಯಾರೆ ಸ್ಟ್ಯಾಂಡಿಗೆ ಬಂದೀರಿ ಅಂತ ಅವಳು ಹೇಳಿದಳು.

"ಮುಟ್ಟಿದಾಗ" ಅಡ್ವರ್ಬ್, ಕಾಲ. "ಎಲ್ಲಿ ನಿಲ್ಲುತ್ತೆ ಅಂತ" ನೌನ್, ಒಳಗೆ "ಡಿಡ್" ಬಂದಿಲ್ಲ ನೋಡಿ. "ಮಾರುತ್ತಿದ್ದ ಹೆಂಗಸು" ಅಡ್ಜೆಕ್ಟಿವ್, ಕಾಮಾ ಇಲ್ಲ, ಯಾಕೆಂದರೆ ಯಾವ ಹೆಂಗಸು ಅಂತ ಹೇಳುತ್ತಿರುವುದೇ ಆ ಕ್ಲಾಜ್. ಕೊನೆಯದು ಮತ್ತೆ ನೌನ್. ಹೂವಿನವಳು ಹೇಳಿದ್ದು "ನೀವು ಬಂದೀರಿ" ಅಂತ, ಇಂಗ್ಲಿಷಿಗೆ ಬರುವಾಗ ಆ "ನೀವು" ತಿರುಗಿ "ಐ" ಆಗಿದೆ, "ಬಂದೀರಿ" ಒಂದು ಹೆಜ್ಜೆ ಹಿಂದೆ ಸರಿದು "ಹ್ಯಾಡ್ ಕಮ್" ಆಗಿದೆ.